ದೇವರಕಾಡಿಗೆ ಬಂದ ನಮ್ಮಣ್ಣನ ಜೆಸಿಬಿ

ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟದ್ದು ದೇವರಕಾಡಿನಲ್ಲಿ, ಊರಿನ ಅರ್ಧ ಜನ ನೋಡುತ್ತಿರುವಾಗ. ಅದಕ್ಕೆ ಮುಂಚೆಯೂ ನಾವು ಬಹಳ ಹೊಂದಿಕೊಂಡಿದ್ದ ಅಣ್ಣ ತಂಗಿಯೇನಲ್ಲ. ಅಪ್ಪನ ಜಮೀನು ಪಾಲಾದಾಗ, ಅವ್ವನನ್ನು ಯಾರು ಇಟ್ಟುಕೊಳ್ಳಬೇಕು ಅಂತ ಮಾತು ಬಂದಾಗ ಚೆನ್ನಾಗಿಯೇ ಕಿತ್ತಾಡಿದ್ದೇವೆ. ಆದರೆ ಗೌರಿಹಬ್ಬದ ಹೊತ್ತಿಗೆ ಅವನು ಬಾಗಿನ ಹಿಡಿದು ಬಂದು, "ಏನೇ, ಕಾಫಿ ಗೀಫಿ ಕೊಡಲ್ವಾ?" ಅಂದರೆ ಮುಗಿದುಹೋಗುತ್ತಿತ್ತು. ಈ ಸಲದ್ದು ಹಾಗೆ ಮುಗಿಯಲಿಲ್ಲ.

ನಮ್ಮಪ್ಪ ಹಾಸನದ ಕಡೆಯವರು. ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಇಳಿಯುವ ದಾರಿಯಲ್ಲಿ, ಹೊಳೆಯ ಪಕ್ಕದ ಈ ಊರಿಗೆ ಬಂದು ಗದ್ದೆ ಮಾಡಿದರು. ನಾನೂ ಅಣ್ಣನೂ ಹುಟ್ಟಿದ್ದು ಇಲ್ಲೇ. ನನ್ನನ್ನು ಕೊಟ್ಟದ್ದೂ ಇದೇ ಊರಿನೊಳಗೆ, ಬಸ್‌ಸ್ಟ್ಯಾಂಡಿನ ಹತ್ತಿರದ ಹಿಟ್ಟಿನ ಮಿಲ್ಲಿನ ಮನೆಗೆ. ನಮ್ಮವರು ಮಿಲ್ಲು ಓಡಿಸುತ್ತಾರೆ, ನಾನು ತೂಕ ನೋಡುತ್ತೇನೆ, ಬಂದವರ ಜೊತೆ ಮಾತಾಡುತ್ತೇನೆ. ಮಿಲ್ಲು ಅಂದಮೇಲೆ ಎಲ್ಲರೂ ಬರಲೇಬೇಕಲ್ಲ. ಕೊಡವರ ಮನೆಯವರು ಕಡುಬಿನ ತರಿ ಮಾಡಿಸಲು, ಗೌಡರ ಮನೆಯವರು ರಾಗಿ ಹಿಡಿದು, ತೋಟದ ಕೂಲಿಯವರ ಲೈನ್‌ಮನೆಗಳ ಹೆಂಗಸರು ಭಾನುವಾರ ಅಕ್ಕಿ ಹೊತ್ತು, ಮಾಪಿಳ್ಳೆಯವರು ಪತ್ತಿರಿ ರೊಟ್ಟಿಗೆ ಹಿಟ್ಟು ಬೀಸಿಸಲು. ಕನ್ನಡ, ಕೊಡವ, ತಮಿಳು, ಮಲಯಾಳ ಎಲ್ಲ ಆ ಬೆಲ್ಟಿನ ಸದ್ದಿನ ಮೇಲೆ ಕೂಗಿಕೊಂಡೇ ಮಾತಾಡಬೇಕು. ಊರಿನ ಸುದ್ದಿಯೆಲ್ಲ ನಮ್ಮಲ್ಲಿಗೆ ಬಂದೇ ಹೋಗುತ್ತಿತ್ತು.

ದೇವರಕಾಡಿನ ಸುದ್ದಿಯೂ ಮೊದಲು ಬಂದದ್ದು ಮಿಲ್ಲಿಗೇ. ಲೈನಿನ ಒಬ್ಬ ಹೆಂಗಸು, ಸೌದೆಗೆ ಹೋದವಳು, "ಅಕ್ಕಾ, ಹೊಳೆ ಕಡೆ ಮರಕ್ಕೆಲ್ಲ ಕೆಂಪು ಬಣ್ಣ ಬಳ್ದವ್ರೆ" ಅಂದಳು.

ನಮ್ಮ ದೇವರಕಾಡು ದೊಡ್ಡದೇನಲ್ಲ. ಊರು ಮುಗಿದ ಮೇಲೆ ಹೊಳೆ ಒಂದು ಬಾಗು ಹಾಕುತ್ತದೆ. ಆ ಬಾಗಿನ ಒಳಗಡೆಯ ಜಾಗವಷ್ಟೂ ಕಾಡು. ನೀರಿನ ಅಂಚಿಗೆ ಹೊಳೆಮತ್ತಿ ಮರಗಳು, ಬೇರೆಲ್ಲ ಹೊರಗೆ ಬಿಟ್ಟುಕೊಂಡು ನಿಂತಿವೆ. ಒಳಗೆ ಧೂಪ, ಬೈನೆ, ಹಲಸು, ಕಾಲಿಡಲಾಗದ ಹಾಗೆ ಬೆತ್ತದ ಮೆಳೆ. ನಡುವೆ ಗುಡಿಯೇನೂ ಇಲ್ಲ. ಒಂದು ಕಟ್ಟೆ, ಅದರ ಮೇಲೆ ಅಯ್ಯಪ್ಪನ ಕಲ್ಲು, ಸುತ್ತ ಜನ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು. ಕೆಲವು ಹೊಸವು, ಕೆಲವಕ್ಕೆ ಪಾಚಿ ಹಿಡಿದು ಕಿವಿ ಮೂಗು ಯಾವುದು ಅಂತ ಗೊತ್ತಾಗುವುದಿಲ್ಲ. ಅಪ್ಪ ಬರುವುದಕ್ಕೂ, ಅವರಪ್ಪ ಹುಟ್ಟುವುದಕ್ಕೂ ಮುಂಚಿನಿಂದ ಅಲ್ಲಿ ಯಾರೂ ಕತ್ತಿ ಒಯ್ಯುವುದಿಲ್ಲ, ಚಪ್ಪಲಿ ಮೆಟ್ಟುವುದಿಲ್ಲ. ಉದುರಿದ ಸೌದೆ ಕೂಡ ಕಾಡಿನ ಅಂಚಿನದನ್ನು ಮಾತ್ರ ಆಯಬಹುದು. ನಾನು ಭಕ್ತಳೇನಲ್ಲ. ಚಿಕ್ಕವಳಿದ್ದಾಗ ಅಲ್ಲಿಗೆ ಹೋಗಲು ಹೆದರುತ್ತಿದ್ದೆ, ಅಷ್ಟೆ. ಆದರೆ ಹೊಳೆಗೆ ನೀರುನಾಯಿಗಳು ಇಳಿಯುವುದನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ. ಬೇರೆ ಕಡೆಯ ದಂಡೆಯೆಲ್ಲ ಶುಂಠಿ ಗದ್ದೆಯೋ ಹೋಂಸ್ಟೇಯೋ ಆಗಿಹೋಗಿದೆ.

ಆ ವಾರವೇ ಊರ ದೇವಸ್ಥಾನದ ಸಮಿತಿಯ ಅಧ್ಯಕ್ಷರು ಸಮುದಾಯ ಭವನದಲ್ಲಿ ಸಭೆ ಕರೆದರು. ಹಳೇ ಮನೆತನ, ದೊಡ್ಡ ತೋಟ, ಮಾತಿನಲ್ಲಿ ಜೇನು ಸುರಿಯುವ ಮನುಷ್ಯ. ಹೊರಗಿನ ಒಬ್ಬ ಧಣಿ ದೇವರ ಕಟ್ಟೆಗೆ ಗುಡಿ ಕಟ್ಟಿಸಿಕೊಡಲು ಮುಂದೆ ಬಂದಿದ್ದಾರೆ, ಗುಡಿಯಾಗಬೇಕಾದರೆ ರಸ್ತೆ ಬೇಕು, ರಸ್ತೆಯಾಗಬೇಕಾದರೆ ಕೆಲವು ಮರ ತೆಗೆಯಬೇಕು ಅಂದರು. ಆ ಧಣಿ ಹೊಳೆಯಂಚಿನಲ್ಲಿ ಕಾಟೇಜು ಕಟ್ಟಲು ಜಾಗ ನೋಡಿಕೊಂಡು ಹೋದದ್ದು ಊರಿಗೆಲ್ಲ ಗೊತ್ತಿತ್ತು. ಕಾಟೇಜಿಗೆ ದಾರಿ ಬೇಕಿದ್ದದ್ದು ಕಾಡಿನ ನಡುವೆಯೇ. ನಮ್ಮಣ್ಣ ಮುಂದಿನ ಸಾಲಿನಲ್ಲೇ ಕೂತಿದ್ದ. ಅವನದೊಂದು ಜೆಸಿಬಿ ಇದೆ; ಗದ್ದೆ ಮಟ್ಟ ಮಾಡುವುದು, ಕೆರೆ ತೆಗೆಯುವುದು ಅವನ ಕೆಲಸ.

ನಾನು ಎದ್ದು ನಿಂತೆ. ನಿಲ್ಲಬೇಕು ಅಂತ ಹೋದವಳಲ್ಲ. "ಅಧ್ಯಕ್ಷರೇ, ದೇವರು ಇಷ್ಟು ದಿವಸ ಕೂತಲ್ಲೇ ಕೂತಿದ್ದಾನೆ. ಈಗ ಎಲ್ಲಿಗೆ ಹೋಗ್ಬೇಕು ಅಂತ ಅವನಿಗೆ ಇಷ್ಟು ಅಗಲದ ರಸ್ತೆ?" ಅಂದೆ.

ಹಿಂದಿನ ಸಾಲಿನ ಹೆಂಗಸರು ನಕ್ಕರು. ಅಧ್ಯಕ್ಷರೂ ನಕ್ಕರು. ನಗುತ್ತಲೇ, "ನೋಡಮ್ಮ, ಇದು ಊರಿನವರ ಕಾಡು. ಬಯಲುಸೀಮೆಯಿಂದ ಬಂದವರು ಹಿಟ್ಟು ಬೀಸಿಕೊಂಡಿದ್ರೆ ಚೆಂದ" ಅಂದರು.

ನಾನು ಅಣ್ಣನ ಕಡೆ ನೋಡಿದೆ. ಅವನೂ ಅದೇ ಬಯಲುಸೀಮೆಯ ಅಪ್ಪನಿಗೆ ಹುಟ್ಟಿದವನು. ಅವನು ಮೊಬೈಲು ನೋಡುತ್ತಿದ್ದ.

ಆಗ ಬಾಗಿಲ ಹತ್ತಿರ ನಿಂತಿದ್ದ ಆಂಟಿ ಮಾತಾಡಿದರು. ಆಂಟಿ ಅಂದರೆ ಕಾಡಿಗೆ ಅಂಟಿಕೊಂಡಿರುವ ತೋಟದ ಒಡತಿ, ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಂಡಿದ್ದಾರೆ. ಹಳೇ ಜೀಪು ಓಡಿಸಿಕೊಂಡು ತಿರುಗುವ ಕೊಡವ ಹೆಂಗಸು. ಅವರಿಗೂ ನಮಗೂ ಆಗುತ್ತಿರಲಿಲ್ಲ. ನಮ್ಮ ಹಸು ಅವರ ತೋಟಕ್ಕೆ ನುಗ್ಗಿತು ಅಂತ ಅದನ್ನು ಕಟ್ಟಿಹಾಕಿಕೊಂಡು ನಮ್ಮವರನ್ನು ಇಡೀ ದಿನ ಬಾಗಿಲಲ್ಲಿ ನಿಲ್ಲಿಸಿದವರು. ಅವರು ಸಭೆಯಲ್ಲಿ ಹೇಳಿದ್ದು ಇಷ್ಟೇ: "ಅವಳು ಊರಿನವಳಲ್ಲ, ಒಪ್ಪಿದೆ. ನಾನು ಊರಿನವಳು ತಾನೇ? ಅವಳು ಕೇಳಿದ್ದನ್ನೇ ನಾನು ಕೇಳ್ತೇನೆ. ಎಲ್ಲಿಗೆ ರೋಡ್?"

ಅಧ್ಯಕ್ಷರ ನಗು ನಿಂತಿತು. ಸಭೆ ಅಲ್ಲಿಗೇ ಮುರಿಯಿತು. ಹೊರಗೆ ಬಂದು ನಾನು ಆಂಟಿಗೆ ಒಳ್ಳೇದಾಯ್ತು ನೀವು ಮಾತಾಡಿದ್ದು ಅಂದರೆ, "ನಿನಗೋಸ್ಕರ ಅಲ್ಲ" ಅಂದು ಜೀಪು ಹತ್ತಿದರು.

ಹೀಗೆ ಶುರುವಾಯಿತು. ಪತ್ರಿಕೆಯವರು ಆಮೇಲೆ ಬರೆದ ಹಾಗೆ 'ಊರೇ ಒಂದಾಗಿ' ನಿಲ್ಲಲಿಲ್ಲ. ಒಬ್ಬರ ಮುಖ ಒಬ್ಬರಿಗಾಗದ ಒಂದಷ್ಟು ಜನ, ಬೇರೆ ಯಾರೂ ಬರಲಿಲ್ಲವಲ್ಲ ಅಂತ ಗೊಣಗಿಕೊಂಡು ಒಟ್ಟಿಗೆ ನಿಂತೆವು. ಲೈನಿನ ಹೆಂಗಸರಿಗೆ ಆಂಟಿಯ ಮೇಲೆ ಸಿಟ್ಟು, ಕೂಲಿ ವಿಷಯಕ್ಕೆ. ಆಂಟಿಗೆ ನನ್ನ ಮೇಲೆ ಸಿಟ್ಟು, ಹಸುವಿನ ವಿಷಯಕ್ಕೆ. ನನಗೆ ಆಂಟಿಯ ಧಿಮಾಕು ಕಂಡರೆ ಮೈ ಉರಿಯುತ್ತಿತ್ತು. ಮನವಿಗೆ ಸಹಿ ಹಾಕಿಸಲು ಮನೆಮನೆಗೆ ಹೋದಾಗ ಅವರು ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ. ಗೇಟಿನಲ್ಲಿ ಹಾರನ್ ಹೊಡೆದು, ಜನ ಹೊರಗೆ ಬಂದರೆ, "ಹಾಕು ಸಹಿ" ಅನ್ನುವುದು. ನಾನು ಅವರ ಹಿಂದೆ ಹೋಗಿ ಬೇಡಿಕೊಳ್ಳುವುದು. ಬೆಳಿಗ್ಗೆ ಸಹಿ ಹಾಕಿದವರು ಸಂಜೆ ಬಂದು, "ಅಕ್ಕ, ನನ್ನ ಹೆಸರು ತೆಗೆದುಬಿಡಿ, ಅಧ್ಯಕ್ಷರ ತೋಟದಲ್ಲಿ ನಮ್ಮ ಹುಡುಗ ಲೆಕ್ಕ ಬರೆಯೋ ರೈಟರು" ಅನ್ನುವುದು. ಆದರೂ ಒಂದು ಮನವಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಯಿತು. ಸರ್ವೆ ಆಗಬೇಕು, ಕಾಡಿನ ಗಡಿ ಗುರುತಾಗಬೇಕು, ಅಲ್ಲಿಯವರೆಗೆ ಕಾಯಿರಿ ಅಂತ ಉತ್ತರ ಬಂತು.

ನಾವು ಕಾದೆವು. ಅಧ್ಯಕ್ಷರ ಕಡೆಯವರು ಕಾಯಲಿಲ್ಲ.

ಮೊದಲು ಮಿಲ್ಲು ಖಾಲಿಯಾಯಿತು. ಯಾರೂ ಬರಬೇಡಿ ಅಂತ ಡಂಗುರ ಹೊಡೆಸಲಿಲ್ಲ, ಜನ ತಾವಾಗಿಯೇ ಬರುವುದನ್ನು ಬಿಟ್ಟರು. ನಮ್ಮ ಬಾಗಿಲ ಮುಂದೆಯೇ ರಾಗಿ ಚೀಲ ಹಿಡಿದುಕೊಂಡು ಬಸ್ಸಿಗೆ ಕಾಯುವವರು. ನಾನು ಬಾಗಿಲಲ್ಲಿ ನಿಂತರೆ ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿಕೊಳ್ಳುವರು. ಒಬ್ಬಳಿಗೆ, "ಯಾಕಮ್ಮ, ಸೋಮವಾರಪೇಟೆ ಮಿಲ್ಲಿನಲ್ಲಿ ರಾಗಿ ಬೆಳ್ಳಗೆ ಬೀಳುತ್ತಾ?" ಅಂತ ಕೇಳಿದೆ. "ನಿಮ್ಮ ಬಾಯಿ ಕಂಡೇ ನಾವು ದೂರ ಹೋಗೋದು" ಅಂದಳು. ಅವಳ ಬಾಣಂತನಕ್ಕೆ ಹುರಿಹಿಟ್ಟು ಮಾಡಿ ಕೊಟ್ಟವಳು ನಾನು.

ಆಮೇಲೆ ಒಂದು ದಿನ ಮುಖಪರಿಚಯವಿಲ್ಲದ ಯಾರೋ ಅಪರೂಪಕ್ಕೆ ಅಕ್ಕಿ ತಂದಿಟ್ಟು, ಸಂಜೆ ಬರುತ್ತೇವೆ ಅಂತ ಹೋದರು. ಸುರಿದ ಸ್ವಲ್ಪ ಹೊತ್ತಿಗೆ ಮಿಲ್ಲಿನೊಳಗಿಂದ ಎದೆ ಒಡೆಯುವ ಸದ್ದು. ಅಕ್ಕಿಯ ನಡುವೆ ಕಬ್ಬಿಣದ ನಟ್ಟುಗಳನ್ನು ಸೇರಿಸಿದ್ದರು. ಬೀಸುವ ಕಲ್ಲು ಬಿರಿದುಹೋಗಿತ್ತು. ನಮ್ಮವರು ಜೋರಾಗಿ ಮಾತಾಡುವ ಮನುಷ್ಯರಲ್ಲ. ಕಲ್ಲಿನ ಚೂರು ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟರು.

"ಸಾಕು ಕಣೆ. ಕಾಡು ನಮಗೇನು ಅನ್ನ ಹಾಕುತ್ತಾ?"

"ಅಧ್ಯಕ್ಷರು ಹಾಕ್ತಾರಾ?"

"ನಿನ್ನ ಮಾತೇ ನಮಗೆ ಶತ್ರು. ಅಣ್ಣನಾದ್ರೂ ಒಂದು ಮಾತು ನಿನ್ನ ಪರ ಆಡಿದ್ನಾ?"

ಅವತ್ತು ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಒಳಗೆ ಕರೆದರು. ಅವನು ಅಂಗಳದಲ್ಲಿ ಜೆಸಿಬಿಯ ಕೆಸರು ತೊಳೆಯುತ್ತಿದ್ದ.

"ನಮ್ಮ ಮಿಲ್ಲಿನ ಕಲ್ಲು ಒಡೆದರು, ಗೊತ್ತಾ?" ಅಂದೆ.

"ಗೊತ್ತು."

"ಯಾರು ಅಂತಾನೂ ಗೊತ್ತಾ?"

"ನಿನಗೆ ಯಾಕೆ ಬೇಕಿತ್ತು ಇದೆಲ್ಲ? ಅಪ್ಪ ಈ ಊರಿಗೆ ಬಂದಾಗ ಇಲ್ಲಿಯೋರು ಒಂದು ಲೋಟ ನೀರು ಕೊಡೋಕೆ ಹಿಂದೆಮುಂದೆ ನೋಡ್ತಿದ್ರು. ಈಗ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ ಮಾತಾಡಿಸ್ತಾರೆ. ನೀನು ಅದಕ್ಕೂ ಕಲ್ಲು ಹಾಕ್ತಿದ್ದೀಯ."

"ಅವರು ನಿನ್ನ ಹೆಗಲ ಮೇಲೆ ಕೈ ಹಾಕೋದು ನಿನ್ನ ಮಷೀನಿಗೆ ಕಣೋ, ನಿನಗಲ್ಲ."

ಪೈಪು ಕೆಳಗೆ ಹಾಕಿ ಒಳಗೆ ಹೋದ. ಆ ಮಾತು ಅವನಿಗೆ ನಾಟಿತು. ನಾಟಲಿ ಅಂತಲೇ ಆಡಿದ್ದೆ.

ಸರ್ವೆಯವರು ಬರುವ ಮುಂಚೆ ಕೆಲಸ ಮುಗಿಸಿಬಿಡುವ ಯೋಚನೆ ಅವರಿಗಿತ್ತು ಅಂತ ಕಾಣುತ್ತದೆ. ಹಬ್ಬದ ರಜೆಯ ನಡುವಿನ ಒಂದು ಬೆಳಿಗ್ಗೆ ಲೈನಿನ ಹೆಂಗಸು ಓಡಿಬಂದು, "ಅಕ್ಕಾ, ಮಷೀನು ಬಂತು" ಅಂದಳು. ಒಲೆಯ ಮೇಲಿನ ಸಾರು ಇಳಿಸಿ ಓಡಿದೆ. ದಾರಿಯಲ್ಲಿ ಆಂಟಿಗೆ ಫೋನು ಮಾಡಿದೆ.

ನಾನು ತಲುಪುವಷ್ಟರಲ್ಲಿ ಜೆಸಿಬಿ ಕಾಡಿನ ಬಾಯಿ ದಾಟಿತ್ತು. ಬೆತ್ತದ ಮೆಳೆಯನ್ನು ಬೇರು ಸಮೇತ ಎಳೆದು ಪಕ್ಕಕ್ಕೆ ಒಟ್ಟಿತ್ತು. ಎಳೇ ಬೈನೆ ಮರವೊಂದು ಬುಡ ಮೇಲಾಗಿ ಬಿದ್ದಿತ್ತು. ಅಲ್ಲಿಯವರೆಗೆ ಬಿಸಿಲೇ ಕಾಣದ ಮಣ್ಣು ಕೆಂಪಗೆ, ಒದ್ದೆಯಾಗಿ ತೆರೆದುಕೊಂಡಿತ್ತು. ಓಡಿಸುತ್ತಿದ್ದವನು ನಮ್ಮಣ್ಣನೇ. ಆಳನ್ನು ಕಳಿಸಿರಲಿಲ್ಲ. ಪಕ್ಕದಲ್ಲಿ ಅಧ್ಯಕ್ಷರು, ಅವರ ಕಡೆಯ ನಾಲ್ಕೈದು ಜನ ನಿಂತಿದ್ದರು. ಎಲ್ಲರ ಕಾಲಲ್ಲೂ ಚಪ್ಪಲಿ, ಬೂಟು.

ಹಿಂದಿನಿಂದ ಹಾರನ್ ಕೇಳಿತು. ಆಂಟಿಯ ಜೀಪು. ಅವರು ನನ್ನನ್ನು ನೋಡಲಿಲ್ಲ, ಅಧ್ಯಕ್ಷರನ್ನೂ ನೋಡಲಿಲ್ಲ. ಮೆಳೆ ಕಿತ್ತ ಜಾಗದಲ್ಲೇ ನುಗ್ಗಿಸಿ ಜೆಸಿಬಿಗೂ ಕಟ್ಟೆಗೂ ನಡುವೆ ಜೀಪನ್ನು ಅಡ್ಡ ನಿಲ್ಲಿಸಿ, ಕೀ ತೆಗೆದು ರವಿಕೆಯೊಳಗೆ ಹಾಕಿಕೊಂಡರು. ಇಳಿಯಲಿಲ್ಲ. ಸ್ಟೇರಿಂಗ್ ಮೇಲೆ ಎರಡು ಕೈ ಇಟ್ಟುಕೊಂಡು ಕೂತರು.

ಅಧ್ಯಕ್ಷರು ಕೊಡವ ಭಾಷೆಯಲ್ಲಿ ಏನೋ ಅಂದರು, ಮನೆತನದ ಮರ್ಯಾದೆಯ ಮಾತು. ಆಂಟಿ ಎಲ್ಲರಿಗೂ ತಿಳಿಯಲಿ ಅಂತಲೋ ಏನೋ ಕನ್ನಡದಲ್ಲಿ ಉತ್ತರ ಕೊಟ್ಟರು. "ನಿನ್ನ ಅಜ್ಜ ಈ ಕಾಡಿಗೆ ಬರುವಾಗ ಮೆಟ್ಟು ಹೊರಗೆ ಬಿಟ್ಟು ಬರ್ತಿದ್ದ. ನೀನು ಬೂಟು ಹಾಕಿಕೊಂಡು ನನಗೆ ಮರ್ಯಾದೆ ಹೇಳ್ತೀಯ?"

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಅಣ್ಣನ ಕಡೆ ತಿರುಗಿ, "ಬದಿಯಿಂದ ತೆಗಿ" ಅಂದರು.

ನಾನು ಜೆಸಿಬಿಯ ಮುಂದೆ ಹೋಗಿ ನಿಂತೆ. "ಅಣ್ಣ, ನಿಲ್ಲಿಸು. ಇಳಿ ಕೆಳಗೆ."

"ಸರಿ ಆಚೆಗೆ."

"ಸರಿಯೋದಿಲ್ಲ. ಓಡಿಸೋದಾದ್ರೆ ನನ್ನ ಮೇಲೆ ಓಡಿಸು."

"ನಾಟಕ ಮಾಡ್ಬೇಡ ಕಣೆ, ಜನ ನೋಡ್ತಾವ್ರೆ!" ಅಂತ ಕಿರುಚಿದ. ಸಿಟ್ಟಿಗೋ ಅವಮಾನಕ್ಕೋ ಅವನ ಕಣ್ಣಲ್ಲಿ ನೀರು ಬಂದಿತ್ತು. ಹಾಗೇ ಗಾಡಿಯನ್ನು ಹಿಂದಕ್ಕೆ ತೆಗೆದು, ನನ್ನನ್ನೂ ಜೀಪನ್ನೂ ಬಳಸಿಕೊಂಡು ಹೋಗಲು ತಿರುಗಿಸಿದ. ಜಾಗ ಸಾಲಲಿಲ್ಲ. ಬಕೆಟ್ಟು ಕಟ್ಟೆಯ ಅಂಚಿಗೆ ತಗುಲಿತು. ಮಣ್ಣಿನ ನಾಯಿಗಳ ಒಂದು ಸಾಲು ಹಪ್ಪಳದ ಹಾಗೆ ಪುಡಿಯಾಯಿತು.

ಬೇಕೂಂತ ಮಾಡಿದ್ದಲ್ಲ. ಅದನ್ನು ನಾನು ಪೊಲೀಸರ ಮುಂದೆಯೂ ಹೇಳಿದ್ದೇನೆ. ಆದರೆ ಅಷ್ಟರಲ್ಲಿ ಲೈನಿನ ಹೆಂಗಸರೆಲ್ಲ ಬಂದು ಸೇರಿದ್ದರು, ಊರಿನವರೂ ಬಂದಿದ್ದರು. ಅಲ್ಲಿಯತನಕ ನೋಡೋಣ ಅಂತ ಕೈಕಟ್ಟಿ ನಿಂತಿದ್ದವರು, ನಮ್ಮ ಮಿಲ್ಲಿಗೆ ಬರುವುದನ್ನು ಬಿಟ್ಟವರು ಕೂಡ, ಆ ಸದ್ದು ಕೇಳಿ ಬದಲಾದರು. ಆ ನಾಯಿಗಳು ಅವರವರ ಮನೆಯ ಹರಕೆ. ಮಗುವಿನ ಜ್ವರಕ್ಕೆ ಇಟ್ಟದ್ದು, ಕಳೆದುಹೋದ ಹಸುವಿಗೆ ಇಟ್ಟದ್ದು. "ಅಯ್ಯೋ ನಮ್ದು!" ಅಂತ ಒಬ್ಬಳು ಬಾಯಿ ಬಡಿದುಕೊಂಡಳು. ನಮ್ಮ ಮಿಲ್ಲಿನ ಮುಂದೆ ಚೀಲ ಸರಿಸಿಕೊಂಡವಳೇ. ಮರುಕ್ಷಣಕ್ಕೆ ಮಣ್ಣಿನ ಹೆಂಟೆಗಳು ಬಿದ್ದವು, ಹಿಂದೆಯೇ ಕಲ್ಲುಗಳು. ಅಧ್ಯಕ್ಷರ ಕಡೆಯವರು ಅವರನ್ನು ಕಾರಿಗೆ ತಳ್ಳಿಕೊಂಡು ಹೋದರು. ನಮ್ಮಣ್ಣ ಮಾತ್ರ ಗಾಡಿಯ ಮೇಲೆ ಉಳಿದ.

ಒಂದು ಕಲ್ಲು ಅವನ ಹಣೆಗೆ ಬಿತ್ತು.

ನಾನು "ನಿಲ್ಲಿಸ್ರೋ!" ಅಂತ ಕೂಗಿದೆ. ಯಾರು ಕೇಳುತ್ತಾರೆ? ಅವನು ಇಳಿದು, ಚಕ್ರ ಹಿಡಿದುಕೊಂಡು ಕೂತ. ರಕ್ತ ಹುಬ್ಬಿನ ಮೇಲಿಂದ ಅಂಗಿಗೆ ಇಳಿಯುತ್ತಿತ್ತು. ನಾನು ಓಡಿ ಹೋಗಿ ಸೆರಗಿನಿಂದ ಒತ್ತಲು ಹೋದೆ. ಅವನು ನನ್ನ ಕೈಯನ್ನು ತಳ್ಳಿದ. ಮೆಲ್ಲಗಲ್ಲ, ನಾನು ಆ ಅಗೆದ ಮಣ್ಣಿನಲ್ಲಿ ಕೂತುಬಿಟ್ಟೆ.

"ಮುಟ್ಬೇಡ. ಇವರನ್ನೆಲ್ಲ ಕರೆದುಕೊಂಡು ಬಂದವಳು ನೀನು. ಇನ್ನು ನನಗೆ ತಂಗಿ ಇಲ್ಲ."

ಅವನು ನನಗೆ ಆಡಿದ ಕೊನೆಯ ಮಾತು ಅದು.

ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆಂಟಿಯ ಜೀಪಿನಲ್ಲೇ. ರವಿಕೆಯಿಂದ ಕೀ ತೆಗೆದು, "ಹತ್ತಿಸಿ ಅವನನ್ನು" ಅಂದರು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಹೋದರಂತೆ. ಹಣೆಗೆ ಹೊಲಿಗೆ ಹಾಕಿದರು. ಗಾಯ ಮಾಯಿತು, ಗುರುತು ಹುಬ್ಬಿನ ಮೇಲೆ ಉಳಿದಿದೆ.

ಪೊಲೀಸರು ಬಂದರು, ಎರಡೂ ಕಡೆಯವರ ಮೇಲೆ ಕೇಸಾಯಿತು. ಗಲಾಟೆಯ ವಿಡಿಯೋ ಎಲ್ಲರ ಮೊಬೈಲಿಗೂ ಹೋದ ಮೇಲೆ, ಅಲ್ಲಿಯತನಕ ಆಗದ ಸರ್ವೆ ಬೇಗನೇ ಆಯಿತು. ಕಾಡಿನ ಸುತ್ತ ಗಡಿಕಲ್ಲು ನೆಟ್ಟರು, ರಸ್ತೆಯ ಕೆಲಸಕ್ಕೆ ನ್ಯಾಯಾಲಯದಿಂದ ತಡೆ ಬಂತು. ಕಾಟೇಜಿನ ಧಣಿ ನಮ್ಮೂರು ಬಿಟ್ಟು ಮೇಲಿನ ಕಡೆ ಇನ್ನೊಂದು ಗುಡ್ಡ ಹಿಡಿದ. ಅಲ್ಲಿ ಯಾರೂ ಅಡ್ಡ ನಿಲ್ಲಲಿಲ್ಲ. ಈಗ ಆ ಗುಡ್ಡ ನಮ್ಮ ಬಸ್‌ಸ್ಟ್ಯಾಂಡಿನಿಂದಲೇ ಬೋಳಾಗಿ ಕಾಣುತ್ತದೆ. ಅದನ್ನು ಮಟ್ಟ ಮಾಡಿದ್ದು ನಮ್ಮಣ್ಣನ ಮಷೀನೇ.

ಗೆದ್ದ ಮೇಲೆ ಆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗಡಿಕಲ್ಲು ನೆಟ್ಟ ಮೇಲೆ ಕಾಡಿನ ಬಾಯಲ್ಲಿ ಒಂದು ಕಾರ್ಯಕ್ರಮ ಮಾಡಿದರು. ಸಸಿ ನೆಡುವುದು, ಭಾಷಣ. ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು! "ನಮ್ಮ ಹಿರಿಯರು ಉಳಿಸಿಕೊಟ್ಟ ಕಾಡನ್ನು ನಾವು ಉಳಿಸಿಕೊಂಡಿದ್ದೇವೆ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೇಳಿಯೇಬಿಡಬೇಕು ಅಂತ ಹೊರಟೆ. ನಮ್ಮವರು ಕೈ ಹಿಡಿದು ಕೂರಿಸಿದರು. "ಕಾಡು ಉಳೀತಲ್ಲ, ಬುಡು" ಅಂದರು. ಆಂಟಿ ಆ ಕಾರ್ಯಕ್ರಮಕ್ಕೆ ಬರಲೇ ಇಲ್ಲ. ಮಾರನೇ ದಿನ ಸಿಕ್ಕಾಗ, "ನೀವು ಬರಬೇಕಿತ್ತು" ಅಂದೆ. "ಅವನು ಸುಳ್ಳು ಹೇಳೋದನ್ನು ಮನೆಯಲ್ಲಿ ಕೂತೇ ಕೇಳಬಹುದು. ನಿಮ್ಮ ಹಸು ನಿನ್ನೆ ಮತ್ತೆ ಬಂದಿತ್ತು, ಕಟ್ಟಿದ್ದೇನೆ, ಬಿಡಿಸಿಕೊಂಡು ಹೋಗು" ಅಂದರು. ಆ ಹೆಂಗಸಿನ ಜೊತೆ ನನಗೆ ಸ್ನೇಹವಾಯಿತು ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು.

ಮಿಲ್ಲಿಗೆ ಜನ ಮರಳಿ ಬಂದರು. ಚೀಲ ಹಿಡಿದು ಬಸ್ಸಿಗೆ ಕಾಯುವುದು ಎಷ್ಟು ದಿನ ಆದೀತು? ಬಂದವರು ಏನೂ ಆಗಿಯೇ ಇಲ್ಲವೆಂಬಂತೆ ಮಾತಾಡುತ್ತಾರೆ. ನಾನೂ ಮಾತಾಡುತ್ತೇನೆ, ತೂಕ ಹಾಕುತ್ತೇನೆ. ಸುರಿಯುವ ಮುಂಚೆ ಪ್ರತಿ ಚೀಲಕ್ಕೂ ಕೈ ಹಾಕಿ ತಡಕಿ ನೋಡುತ್ತೇನೆ, ಅವರ ಎದುರಿಗೇ. ಯಾರಿಗಾದರೂ ಅವಮಾನವಾದರೆ ಆಗಲಿ.

ಹೋದ ವರ್ಷ ಅಣ್ಣನ ಮಗಳ ಮದುವೆಯಾಯಿತು, ಕುಶಾಲನಗರದ ಛತ್ರದಲ್ಲಿ. ಪತ್ರಿಕೆ ಕೊಡಲು ಅತ್ತಿಗೆ ಬಂದಿದ್ದರು. "ಅವರು ಕಾರಿನಲ್ಲಿ ಕೂತಿದ್ದಾರೆ" ಅಂದರು ತಲೆ ತಗ್ಗಿಸಿ. ನಾನು ಹೊರಗೆ ಹೋಗಲಿಲ್ಲ. ಆದರೆ ಮದುವೆಗೆ ಹೋದೆ. ಸೋದರತ್ತೆ ನಾನು, ಹೋಗದೆ ಇರಲು ಆ ಹುಡುಗಿ ನನಗೇನು ಮಾಡಿದ್ದಳು? ಧಾರೆಯ ಹೊತ್ತಿಗೆ ಅವಳ ಹಿಂದೆ ನಿಂತೆ. ಅಣ್ಣ ಧಾರೆ ಎರೆಯುತ್ತಾ ತಲೆಯೆತ್ತಿದಾಗ ಅವನ ಕಣ್ಣು ನನ್ನ ಮೇಲಿಂದ ಹಾದು ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಯಾರೂ ನಿಂತೇ ಇಲ್ಲವೆಂಬಂತೆ.

ಊಟದ ಪಂಕ್ತಿಯಲ್ಲಿ ಅವನು ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಬಂದ. "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ", "ಪಾಯಸ ಬಂತಾ?" ನಮ್ಮವರನ್ನೂ ಮಾತಾಡಿಸಿದ. ನನ್ನ ಎಲೆ ದಾಟಿ, ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸನ್ನು, "ಸಾಕಾಯ್ತಾ ಅಮ್ಮ?" ಅಂತ ಕೇಳಿದ. ಅವಳು ಸಾಕು ಅಂದಳು. ಅವನು ಮುಂದೆ ಹೋದ. ನಾನು ಎಲೆಯಲ್ಲಿದ್ದದ್ದನ್ನೆಲ್ಲ ಉಂಡು, ಕೈ ತೊಳೆದು, ಅತ್ತಿಗೆಯಿಂದ ತಾಂಬೂಲ ತೆಗೆದುಕೊಂಡು, ಸೋಮವಾರಪೇಟೆಯ ಬಸ್ಸು ಹತ್ತಿದೆ.